ರೋಮನ್ ಚಿನ್ನವನ್ನು ಓದಲು ಕಲಿಸುವ ದಾಖಲೆ ಭಂಡಾರ

ಚಿನ್ನದ ಕೆಲಸದ ಮನೆಯಲ್ಲಿ ಬೆಳೆದು, ಉಡುಪಿಯ ರಥಬೀದಿಯ ಆಸುಪಾಸಿನಲ್ಲೇ ಕುಲುಮೆಯ ಮುಂದೆ ಕುಳಿತಿರುವ ನನಗೆ ಹಳೆಯ ಒಡವೆಯಲ್ಲಿ ಮೊದಲು ಕಾಣುವುದು ಕೈಚಳಕ, ಆಮೇಲೆ ತೂಕ. ಹಾಗೆ ನೋಡುವವರಿಗೆ ಬ್ರಿಟನ್ನಿನ ‘ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್’ನ ಅಂತರ್ಜಾಲ ದಾಖಲೆ ಭಂಡಾರ ಅಪರೂಪದ ಉಚಿತ ಸೇವೆ. 1997ರಲ್ಲಿ ಆರಂಭವಾದ ಈ ಯೋಜನೆಯನ್ನು ಬ್ರಿಟಿಷ್ ಮ್ಯೂಸಿಯಂ ನಡೆಸುತ್ತಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಹೊಲಗಳಲ್ಲಿ ಸಾಮಾನ್ಯ ಜನರಿಗೆ ಸಿಕ್ಕ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳ ವಿವರ ಇದರಲ್ಲಿದೆ.

ವಸ್ತು, ಲೋಹ, ಕಾಲ ಎಂಬ ಮೂರನ್ನು ಆರಿಸಿಕೊಂಡರೆ ರೋಮನ್ ಚಿನ್ನದ ಒಡವೆಗಳಷ್ಟೇ ಉಳಿಯುತ್ತವೆ. ಅಲ್ಲಿನ ವಿವರಣೆಯ ಶಿಸ್ತನ್ನು ನಮ್ಮ ಕೈಕೆಲಸದವರು ಗಮನಿಸಬೇಕು. ಉಂಗುರವೊಂದರ ತೂಕ ಗ್ರಾಂನಲ್ಲಿ, ಅಳತೆ ಮಿಲಿಮೀಟರಿನಲ್ಲಿ, ಸುತ್ತಿನ ದಪ್ಪ, ಹೆಗಲಿನ (ಸುತ್ತು ಹರಳಿನ ಮನೆಯನ್ನು ಸೇರುವ ಭಾಗದ) ಆಕಾರ, ಹರಳು ಕೂರಿಸಿದ ಬಗೆ, ಹರಳಿನಲ್ಲಿ ಕೊರೆದ ಚಿತ್ರ, ಸವೆತ, ಬಾಗು, ಇವೆಲ್ಲ ಒಂದಾದ ಮೇಲೊಂದು ಬರುತ್ತವೆ. ಹೆಗಲು ಕೋನವಾಗಿ ಚಾಚಿಕೊಂಡಿರುವ ಉಂಗುರವನ್ನು 3ನೇ ಶತಮಾನದ್ದೆಂದು ಗುರುತಿಸುವುದು ಇಂಥ ವಿವರಗಳ ಬಲದಿಂದಲೇ.

ತಂತಿಯ ವಿಷಯವನ್ನಂತೂ ನಮ್ಮವರು ಬೇಗ ಹಿಡಿಯುತ್ತಾರೆ. ರೋಮನ್ನರ ಕಾಲದ ಚಿನ್ನದ ತಂತಿ ಸಾಮಾನ್ಯವಾಗಿ ಕಂಬಿಯಚ್ಚಿನಲ್ಲಿ, ಅಂದರೆ ತೂತುಗಳಿರುವ ಲೋಹದ ಫಲಕದ ಮೂಲಕ, ಎಳೆದದ್ದಲ್ಲ. ತೆಳುವಾದ ಪಟ್ಟಿಯನ್ನು ಹುರಿಗೊಳಿಸಿ, ಉರುಳಿಸಿ ಮಾಡಿದ್ದು. ಆದ್ದರಿಂದ ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೈಮೇಲೆ ಸುರುಳಿಯಾಗಿ ಸಾಗುವ ಸಣ್ಣ ಗೆರೆ ಕಾಣುತ್ತದೆ, ಎಳೆದ ತಂತಿಯಲ್ಲಾದರೋ ಗೆರೆಗಳು ಉದ್ದಕ್ಕೂ ನೇರವಾಗಿರುತ್ತವೆ. ಹಳೆಯದೆಂದು ಹೇಳಿಕೊಂಡು ಬರುವ ಒಡವೆಯ ಬಗ್ಗೆ ಅನುಮಾನ ಮೂಡಿದರೆ ಮೊದಲು ನೋಡಬೇಕಾದದ್ದು ಇದನ್ನೇ.

ದಾಖಲಾತಿ ಏಕೆ ಮುಖ್ಯವೆಂಬುದಕ್ಕೆ ಅದೇ ದೇಶದ ಎರಡು ನಿಧಿಗಳು ಸಾಕ್ಷಿ. 1979ರಲ್ಲಿ ಥೆಟ್‌ಫರ್ಡ್‌ನಲ್ಲಿ ಸಿಕ್ಕ ನಿಧಿಯಲ್ಲಿ 22 ಚಿನ್ನದ ಉಂಗುರಗಳಿದ್ದವು. ಆದರೆ ಸುದ್ದಿ ತಡವಾಗಿ ಹೊರಬಂದಾಗ ಆ ಜಾಗದ ಮೇಲೆ ಕಟ್ಟಡ ಎದ್ದಿತ್ತು, ಅವು ಮಣ್ಣಿನಲ್ಲಿ ಹೇಗಿದ್ದವೆಂದು ತಿಳಿಯುವ ದಾರಿಯೇ ಮುಚ್ಚಿಹೋಗಿತ್ತು. 1992ರಲ್ಲಿ ಹಾಕ್ಸ್‌ನ್‌ನಲ್ಲಿ ಕಳೆದುಹೋದ ಸುತ್ತಿಗೆ ಹುಡುಕಲು ಹೋದವರಿಗೆ ಚಿನ್ನ ಸಿಕ್ಕಾಗ ಅವರು ಕೂಡಲೇ ತಿಳಿಸಿದ್ದರಿಂದ, ಪುರಾತತ್ವಜ್ಞರು ಅದನ್ನು ಇದ್ದ ಸ್ಥಿತಿಯಲ್ಲೇ ಅಗೆದು ತೆಗೆದರು. ಜಾಲರಿಯಂತೆ ಕೊರೆದ ಬಳೆಗಳೂ ಮೈಮೇಲೆ ಧರಿಸುವ ಚಿನ್ನದ ಸರವೂ ಹೀಗೆ ಸಂದರ್ಭಸಹಿತ ಉಳಿದವು.

ಅಲ್ಲಿನ 1996ರ ಕಾಯ್ದೆಯಂತೆ 300 ವರ್ಷಕ್ಕಿಂತ ಹಳೆಯದಾದ, ತೂಕದಲ್ಲಿ ಶೇಕಡಾ 10ರಷ್ಟಾದರೂ ಚಿನ್ನ ಅಥವಾ ಬೆಳ್ಳಿ ಇರುವ ಒಡವೆಯನ್ನು 14 ದಿನಗಳೊಳಗೆ ವರದಿ ಮಾಡಬೇಕು. ಭಾರತದಲ್ಲೂ 1878ರ ನಿಧಿ ಕಾಯ್ದೆ ಇದೆ, ಅದರಂತೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಲೇಬೇಕು. ತೋಟ ಅಗೆಯುವಾಗ ಏನಾದರೂ ಸಿಕ್ಕರೆ ಅದನ್ನು ನೇರವಾಗಿ ಕರಗಿಸಲು ತರಬೇಡಿ ಎಂದು ನಮ್ಮೂರಿನವರಲ್ಲಿ ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಚಿನ್ನದ ನಾಣ್ಯಗಳಲ್ಲಿ ಕೆಲವಕ್ಕೆ ಕೊರಳಿಗೆ ಕಟ್ಟಿಕೊಳ್ಳಲು ತೂತು ಕೊರೆದಿರುವುದು ಇಂದಿಗೂ ಕಾಣುತ್ತದೆ. ಕುಲುಮೆಗೆ ಹೋಗಿದ್ದರೆ ಉಳಿಯುತ್ತಿದ್ದುದು ಇಷ್ಟು ಪವನು ಎಂಬ ಲೆಕ್ಕ ಮಾತ್ರ.

ಸೇವೆಗೆ ಮಿತಿಗಳಿವೆ. ನಮ್ಮ ನೆಲದಲ್ಲಿ ಸಿಕ್ಕದ್ದನ್ನು ಅಲ್ಲಿ ದಾಖಲಿಸಲಾಗದು, ವಿವರಣೆಯೆಲ್ಲ ಇಂಗ್ಲಿಷಿನಲ್ಲಿದೆ. ಸಿಕ್ಕ ಜಾಗದ ನಿಖರ ಗುರುತನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ, ಕಳ್ಳ ಅಗೆತವನ್ನು ತಡೆಯಲು ಅದು ಸರಿಯೇ. ಹೊಸಬರು ಉಂಗುರಗಳಿಂದ ಆರಂಭಿಸಿ, ಹೆಗಲಿನ ಆಕಾರಗಳು ಕಣ್ಣಿಗೆ ರೂಢಿಯಾದ ಮೇಲೆ ಕಿವಿಯೋಲೆಗಳತ್ತ ಹೋಗುವುದು ಒಳ್ಳೆಯದು.