ಫೇರ್‌ಪೋರ್ಟ್ ಕನ್ವೆನ್ಷನ್: ಮೊದಲು ಯಾವ ಆಲ್ಬಂ?

ಇಂಗ್ಲೆಂಡಿನ ಜಾನಪದ ರಾಕ್ ಕೇಳಲು ಹೊರಟವರು ಸಾಮಾನ್ಯವಾಗಿ ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ಎರಡು ಆಲ್ಬಂಗಳ ನಡುವೆ ತಡವರಿಸುತ್ತಾರೆ: ‘ಅನ್‌ಹಾಫ್‌ಬ್ರಿಕಿಂಗ್’ ಮತ್ತು ‘ಲೀಜ್ ಅಂಡ್ ಲೀಫ್’. ಎರಡೂ 1969ರವು.

ಮೊದಲನೆಯದು ಹಗುರ. ಬಾಬ್ ಡಿಲನ್‌ನ ಮೂರು ಹಾಡುಗಳಿವೆ, ಅದರಲ್ಲೊಂದು ಫ್ರೆಂಚಿನಲ್ಲಿ, ಬರೀ ತಮಾಷೆಗೆ. ತಂಡದ ಗಾಯಕಿ ಸ್ಯಾಂಡಿ ಡೆನ್ನಿ ತಾನೇ ಬರೆದು ಹಾಡಿದ, ಕಾಲ ಸರಿಯುವ ಬಗೆಗಿನ ಹಾಡೊಂದಕ್ಕಾಗಿಯಾದರೂ ಇದನ್ನು ಕೇಳಬೇಕು.

ಎರಡನೆಯದರ ಹಿಂದೆ ದುಃಖವಿದೆ. ಆ ವರ್ಷದ ಮೇ ತಿಂಗಳಲ್ಲಿ ತಂಡದ ವ್ಯಾನ್ ಅಪಘಾತಕ್ಕೀಡಾಗಿ ಡ್ರಮ್ ವಾದಕ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡ. ಉಳಿದವರು ಹ್ಯಾಂಪ್‌ಶೈರ್‌ನ ಹಳ್ಳಿಮನೆಯೊಂದರಲ್ಲಿ ಸೇರಿ ಹಳೆಯ ಕಥನಗೀತೆಗಳನ್ನು ವಿದ್ಯುತ್ ಗಿಟಾರಿಗೆ ಒಗ್ಗಿಸಿದರು. ‘ಮ್ಯಾಟಿ ಗ್ರೋವ್ಸ್’ ಕೇಳಿ: ಯಜಮಾನನ ಹೆಂಡತಿ, ಅವಳ ಪ್ರಿಯಕರ, ಎರಡು ಕೊಲೆ. ಡೆನ್ನಿ ಇದನ್ನು ಅಳದೆ, ಅಬ್ಬರಿಸದೆ, ಸುದ್ದಿ ಹೇಳಿದಂತೆ ಹಾಡುತ್ತಾಳೆ. ಮಾತು ಮುಗಿದ ಮೇಲೆ ಡೇವ್ ಸ್ವಾರ್‌ಬ್ರಿಕ್‌ನ ಪಿಟೀಲೂ ರಿಚರ್ಡ್ ಥಾಮ್ಸನ್‌ನ ಗಿಟಾರೂ ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತವೆ. ಅರ್ಧ ಶತಮಾನ ಕಳೆದರೂ ಆ ಓಟ ಹಳಸಿಲ್ಲ.

ಕಥೆ ಬೇಕೆಂದರೆ, ಒಂದೇ ಹಾಡನ್ನು ಎಂಟು ನಿಮಿಷ ಕೂತು ಕೇಳುವ ತಾಳ್ಮೆಯಿದ್ದರೆ, ನೇರವಾಗಿ ‘ಲೀಜ್ ಅಂಡ್ ಲೀಫ್’ಗೆ ಹೋಗಿ, ನನ್ನ ಮತ ಅದಕ್ಕೇ. ಕೆಲಸದ ನಡುವೆ ಕೇಳುವವರಿಗೆ ‘ಅನ್‌ಹಾಫ್‌ಬ್ರಿಕಿಂಗ್’ ಸಾಕು. ಆದರೆ ಅದರಲ್ಲಿರುವ ಹನ್ನೊಂದು ನಿಮಿಷದ ‘ಎ ಸೇಲರ್ಸ್ ಲೈಫ್’ ಹಾಡನ್ನು ಮಾತ್ರ ಕೆಲಸ ಬದಿಗಿಟ್ಟು ಕೇಳಿ. ಮುಂದಿನ ಆಲ್ಬಂ ಮೊಳೆತದ್ದು ಅಲ್ಲಿಯೇ.