ಹಳೇ ಬಂಗಲೆಯಲ್ಲಿ ಏಳು ತಿಂಗಳು

ಬೆಳಗಾವಿಯ ಕ್ಯಾಂಪ್ ಕಡೆ ಬ್ರಿಟಿಷರ ಕಾಲದ ಒಂದು ಬಂಗಲೆ. ಅದನ್ನು ಆರು ಪಾಲು ಮಾಡಿ, ಒಂದೊಂದಕ್ಕೂ ಅಡುಗೆಮನೆ, ಬಚ್ಚಲು ಜೋಡಿಸಿ ಸರ್ವೀಸ್ ಅಪಾರ್ಟ್‌ಮೆಂಟ್ ಮಾಡಿದ್ದಾರೆ. ಉದ್ಯಮಬಾಗದ ಫೌಂಡ್ರಿಯೊಂದರ ಕೆಲಸಕ್ಕೆ ಬಂದ ನಾನು, ಅವ್ವನ ಜೊತೆ 2025ರ ಜೂನ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿದ್ದೆ. ತಿಂಗಳಿಗೆ 42,000 ರೂಪಾಯಿ, ಮೇಲೆ ಜಿಎಸ್‌ಟಿ. ಎರಡು ರಾತ್ರಿ ಇದ್ದು ಐದು ಸ್ಟಾರ್ ಕೊಟ್ಟವರು ಸುಳ್ಳು ಬರೆದಿಲ್ಲ. ಆದರೆ ಅವರು ಅಲ್ಲಿ ಮಳೆಗಾಲ ಕಳೆದಿಲ್ಲ.

ಮನೆಯೇನೋ ಚೆಂದ. ಎರಡು ಅಡಿ ದಪ್ಪದ ಗಚ್ಚಿನ ಗೋಡೆ, ಎತ್ತರದ ತೊಲೆ, ಮೇಲೆ ಮಂಗಳೂರು ಹಂಚು, ಕೆಳಗೆ ಶಹಾಬಾದ್ ಕಲ್ಲು. ಅಕ್ಟೋಬರ್ ಬಿಸಿಲಿಗೂ ಎಸಿ ಹಾಕಲಿಲ್ಲ. ವಿಜಯಪುರದ ಬಿಸಿಲು ಉಂಡು ಬೆಳೆದ ಅವ್ವ ಮಧ್ಯಾಹ್ನ ನೆಲದ ಮೇಲೇ ಮಲಗುತ್ತಿದ್ದಳು.

ಜುಲೈನಲ್ಲಿ ತೊಂದರೆ ಶುರುವಾಯಿತು. ಮಂಚದ ಹಿಂದಿನ ಗೋಡೆಯ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಬಟ್ಟೆ ಒಣಗಲಿಲ್ಲ, ಕಪಾಟಿನಲ್ಲಿಟ್ಟ ಚಪ್ಪಲಿಗೆ ಬೂಷ್ಟು ಬಂತು. ಮ್ಯಾನೇಜರ್ ಎರಡು ಸಲ ಕೆರೆಸಿ, ಅದೇ ಬಣ್ಣ ಮತ್ತೆ ಹೊಡೆಸಿದರು. ಎರಡು ಸಲವೂ ಉಬ್ಬಿತು. ಮೂರನೇ ಸಲ ಬಂದ ವಯಸ್ಸಾದ ಗೌಂಡಿ ಗೋಡೆಯನ್ನು ಬೆರಳಿನಿಂದ ಬಡಿದು ನೋಡಿ, "ಇದು ಸುಣ್ಣದ ಗ್ವಾಡಿರಿ, ಉಸಿರಾಡಬೇಕು. ಇವರು ಸಿಮೆಂಟು, ಪ್ಲಾಸ್ಟಿಕ್ ಬಣ್ಣ ಬಳದು ಬಾಯಿ ಮುಚ್ಯಾರ" ಅಂದ. ಸುಣ್ಣದ ಗಾರೆ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಮೇಲೆ ಸಿಮೆಂಟು ಕೂತರೆ ಒಳಗಿನ ನೀರಿಗೆ ದಾರಿಯೇ ಇಲ್ಲ, ಅಲ್ವಾ? ಹಿಂಬದಿಯ ಪಡಸಾಲೆಗೆ ಯಾರೂ ದುಡ್ಡು ಸುರಿದಿರಲಿಲ್ಲ, ಬರೀ ಸುಣ್ಣ ಬಳಿದಿದ್ದರು. ಆ ಗೋಡೆಯೂ ನೆನೆಯಿತು, ಆದರೆ ದಸರಾ ಹೊತ್ತಿಗೆ ತಾನೇ ಒಣಗಿತು. ನಮ್ಮ ಗೋಡೆ ಡಿಸೆಂಬರ್‌ನಲ್ಲೂ ತಣ್ಣಗೆ ಹಸಿಯಾಗಿಯೇ ಇತ್ತು.

ಹಳೇ ಕಟ್ಟಡಕ್ಕೆ ಹೊಸ ಕೆಲಸ ಹಚ್ಚುವುದನ್ನು ನಾನು ತಪ್ಪು ಅನ್ನುವುದಿಲ್ಲ. ನಮ್ಮೂರು ವಿಜಯಪುರದ ಅಸಾರ್ ಮಹಲ್‌ನ್ನು 1646ರ ಸುಮಾರಿಗೆ ಕಟ್ಟಿದ್ದು ನ್ಯಾಯಸಭೆಗೆ. ಪ್ರವಾದಿಯವರ ಕೂದಲು ಇಡುವ ಜಾಗ ಆಗಿದ್ದು ಆಮೇಲೆ. ಆದರೆ ಗೋಡೆ ಯಾವುದರಿಂದ ಕಟ್ಟಿದ್ದು ಅಂತ ಒಂದು ಮಾತು ಕೇಳಿ ಬಣ್ಣ ಹೊಡೆಸಬೇಕಿತ್ತು.

ಅಡುಗೆಮನೆಯಲ್ಲಿ ಇರುವುದು ಇಂಡಕ್ಷನ್ ಒಲೆ ಮಾತ್ರ. ಮರದ ತೊಲೆ ಇರುವ ಮನೆಗೆ ಸಿಲಿಂಡರ್ ಬೇಡ ಅಂದರು, ಅದು ಒಪ್ಪುವ ಮಾತೇ. ಅವ್ವನಿಗೆ ಮಾತ್ರ ಅದು ಒಲೆಯೇ ಅಲ್ಲ. "ಉರಿ ಕಾಣದ ಮ್ಯಾಲೆ ರೊಟ್ಟಿ ಹ್ಯಾಂಗ್ ಸುಡೋದು?" ಕೊನೆಗೆ ಹತ್ತಿರದ ಖಾನಾವಳಿಯಿಂದ ಜೋಳದ ರೊಟ್ಟಿ ತರಿಸಿಕೊಂಡು, ಪಲ್ಯ ಅಷ್ಟೇ ಮನೆಯಲ್ಲಿ ಮಾಡಿದೆವು. ವೈಫೈ ಆ ದಪ್ಪ ಗೋಡೆ ದಾಟುವುದಿಲ್ಲ. ಮೀಟಿಂಗ್ ಇದ್ದಾಗ ಪಡಸಾಲೆಗೆ ಬಂದು ಕೂರುತ್ತಿದ್ದೆ. ಮಳೆಯ ಸದ್ದಿಗೆ ಬಾಸ್ ಮಾತು ಅರ್ಧ ಕೇಳುತ್ತಿರಲಿಲ್ಲ. ಅದನ್ನು ದೂರು ಅಂತ ಲೆಕ್ಕ ಹಿಡಿಯಬೇಡಿ.

ಬಿಲ್ಲು ಮಾತ್ರ ನೋಡಿ ತಗೊಳ್ಳಿ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಮೊದಲು 12% ಇತ್ತು, 2025ರ ಸೆಪ್ಟೆಂಬರ್ 22ರಿಂದ 5% ಆಯಿತು. ಅಕ್ಟೋಬರ್ ಬಿಲ್ಲಿನಲ್ಲೂ 5,040 ಅಂತಲೇ ಇತ್ತು, 2,100 ಇರಬೇಕಿತ್ತು. ತೋರಿಸಿದ ಮೇಲೆ ತಿದ್ದಿಕೊಟ್ಟರು. ಇನ್ನೊಂದು: ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಊರಿನ ಲಾಡ್ಜ್‌ಗಳೆಲ್ಲ ತುಂಬುತ್ತವೆ. ಆ ಎರಡು ವಾರಕ್ಕೆ ದಿನದ ರೇಟು ಕೊಡಿ ಅಂತ ನಮ್ಮನ್ನೂ ಕೇಳಿದರು. ಏಳು ತಿಂಗಳ ಬಾಡಿಗೆ ಬರಹದಲ್ಲಿ ಇದ್ದುದರಿಂದ ಬಚಾವಾದೆವು.

ಕೆಲಸದವರು ಬಂಗಾರದಂಥವರು. ಅವ್ವನಿಗೆ ಜ್ವರ ಬಂದಾಗ ಕಸ ಗುಡಿಸುವ ಮಾವಶಿ ಮನೆಯಿಂದ ಗಂಜಿ ಮಾಡಿಕೊಂಡು ಬಂದಿದ್ದಳು.

ನನ್ನ ಲೆಕ್ಕ ಮೂರೂವರೆ ಸ್ಟಾರ್. ಹೋಗುವುದಾದರೆ ಹಿಂಬದಿಯ ಪಾಲು ಕೇಳಿ, ಪಡಸಾಲೆಗೆ ಅಂಟಿಕೊಂಡಿರುವುದು. ಬಣ್ಣ ಮಾಸಿದೆ ಅಂತ ಬಾಡಿಗೆಯೂ ಸ್ವಲ್ಪ ಕಡಿಮೆ.