ಜಪಾನ್ ರೈಲ್ ಪಾಸ್: ಇಬ್ಬರಿಗೆ ಒಂದು ಲಕ್ಷ ಯೆನ್ ಕೊಡುವ ಮೊದಲು

ಮಂಗಳೂರು, ಉಡುಪಿ ಕಡೆಯಿಂದ ಜಪಾನಿಗೆ ಹೊರಟ ಗಂಡ ಹೆಂಡತಿಗೆ ಸಿಗುವ ಮೊದಲ ಸಲಹೆ, "ರೈಲ್ ಪಾಸ್ ಮಾಡಿಸಿಕೊಳ್ಳಿ, ಮತ್ತೆ ಟಿಕೆಟಿನ ತಲೆಬಿಸಿ ಇಲ್ಲ." 2023ರ ಸೆಪ್ಟೆಂಬರ್‌ವರೆಗೆ ಇದು ಒಳ್ಳೆಯ ಸಲಹೆಯೇ ಆಗಿತ್ತು. ಒಮ್ಮೆ ಕೊಂಡರೆ ಅಷ್ಟು ದಿನ ಜೆಆರ್ (ಜಪಾನ್ ರೈಲ್ವೇಸ್) ರೈಲುಗಳಲ್ಲಿ ಓಡಾಡಬಹುದಾದ ಈ ಪಾಸಿಗೆ ಆಗ ಏಳು ದಿನಕ್ಕೆ, ಸಾಮಾನ್ಯ ದರ್ಜೆಯಲ್ಲಿ, 29,650 ಯೆನ್. ಆ ವರ್ಷದ ಅಕ್ಟೋಬರ್‌ನಲ್ಲಿ ಅದು ಒಂದೇ ಏಟಿಗೆ 50,000 ಯೆನ್ ಆಯಿತು. 14 ದಿನದ್ದು 80,000, 21 ದಿನದ್ದು 1,00,000. ಈ ವಿಮರ್ಶೆಯ ಲೆಕ್ಕವೆಲ್ಲ ಆ ದರದ ಮೇಲೆಯೇ. ಜೋಡಿಗೆಂದು ರಿಯಾಯಿತಿ ಇಲ್ಲ, ತಲೆಗೊಂದು ಪಾಸ್ ಬೇಕೇ ಬೇಕು. ಅಂದರೆ ಇಬ್ಬರಿಗೆ ಒಂದು ಲಕ್ಷ ಯೆನ್. ನೂರು ಯೆನ್ನಿಗೆ 55ರಿಂದ 60 ರೂಪಾಯಿ ಹಿಡಿದರೂ ಅರ್ಧ ಲಕ್ಷ ರೂಪಾಯಿ ದಾಟುತ್ತದೆ.

ಈ ದುಡ್ಡಿಗೆ ಅಸಲು ಹುಟ್ಟುತ್ತದೆಯೇ ಎಂದು ನೋಡಲು ನಮ್ಮವರು ಸಾಮಾನ್ಯವಾಗಿ ಹಿಡಿಯುವ ದಾರಿಯನ್ನೇ ತೆಗೆದುಕೊಳ್ಳೋಣ: ಟೋಕಿಯೊ, ಕ್ಯೋಟೊ, ಒಸಾಕಾ, ಮರಳಿ ಟೋಕಿಯೊ. ಬೆಂಗಳೂರಿನಿಂದ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇಳಿಯುವುದು ಟೋಕಿಯೊ ಬಳಿಯ ನರಿಟಾದಲ್ಲಿ. ಹಾಗಾಗಿ ಬಜ್ಪೆಯಿಂದ ಬೆಂಗಳೂರಿಗೆ ಬಂದು ಹಾರುವವರು ಟೋಕಿಯೊಗೆ ಹಿಂದಿರುಗಲೇಬೇಕಾಗುತ್ತದೆ. ಟೋಕಿಯೊದಿಂದ ಕ್ಯೋಟೊಗೆ ಈ ದಾರಿಯ ಅತಿ ವೇಗದ ಬುಲೆಟ್ ರೈಲಾದ ನೊಝೊಮಿ ಶಿಂಕಾನ್ಸೆನ್‌ನಲ್ಲಿ ಕಾಯ್ದಿರಿಸಿದ ಸೀಟಿಗೆ 14,170 ಯೆನ್, ಒಸಾಕಾದ ಬುಲೆಟ್ ರೈಲು ನಿಲ್ದಾಣ ಶಿನ್-ಒಸಾಕಾದಿಂದ ಟೋಕಿಯೊಗೆ 14,720. ಒಟ್ಟು 28,890. ನಡುವಿನ ಚಿಲ್ಲರೆ ಓಡಾಟ ಸೇರಿಸಿದರೂ 50,000ದ ಹತ್ತಿರ ಸುಳಿಯುವುದಿಲ್ಲ. ಈ ದಾರಿಗೆ ಪಾಸ್ ಕೊಂಡರೆ ಒಬ್ಬೊಬ್ಬರಿಗೂ ಹತ್ತಿಪ್ಪತ್ತು ಸಾವಿರ ಯೆನ್ ದಂಡ.

ಹಿರೋಶಿಮಾ ಸೇರಿಸಿದರೆ ಲೆಕ್ಕ ಸ್ವಲ್ಪ ತೂಗುತ್ತದೆ. ಕ್ಯೋಟೊದಿಂದ ಹಿರೋಶಿಮಾಕ್ಕೆ 11,500ರ ಆಸುಪಾಸು, ಅಲ್ಲಿಂದ ಶಿನ್-ಒಸಾಕಾಕ್ಕೆ 10,700ರ ಆಸುಪಾಸು. ಮೊದಲಿನ 28,890 ಸೇರಿ ಒಟ್ಟು 51,000 ಯೆನ್ ಚಿಲ್ಲರೆ. "ಪಾಸೇ ಲಾಭ" ಎಂದು ಮುಗಿಸಿಬಿಡುವವರು ಇಲ್ಲೇ ಎಡವುವುದು. ಬಿಡಿ ಟಿಕೆಟಿನ ಲೆಕ್ಕ ನೊಝೊಮಿಯದು, ಪಾಸಿನಲ್ಲಿ ನೊಝೊಮಿ ಉಚಿತವಲ್ಲ. ಟೋಕಿಯೊ-ಕ್ಯೋಟೊ ನಡುವೆ ಪ್ರತಿ ಸಲ ತಲೆಗೆ 4,960 ಯೆನ್ ಹೆಚ್ಚುವರಿ ಕಟ್ಟಬೇಕು. ಬೇಡವೆಂದರೆ ಅದಕ್ಕಿಂತ ನಿಧಾನದ ಹಿಕಾರಿ ಶಿಂಕಾನ್ಸೆನ್ ಹತ್ತಬೇಕು. ನೊಝೊಮಿ ಎರಡೂಕಾಲು ಗಂಟೆಯಲ್ಲಿ ಮುಟ್ಟುವ ಕ್ಯೋಟೊಗೆ ಅದು ಸುಮಾರು ಎರಡು ಗಂಟೆ ನಲವತ್ತು ನಿಮಿಷ ತೆಗೆದುಕೊಳ್ಳುತ್ತದೆ. ಈ ವ್ಯತ್ಯಾಸ ದೊಡ್ಡದಲ್ಲ, ಆದರೆ ನೊಝೊಮಿ ಐದು ಹತ್ತು ನಿಮಿಷಕ್ಕೊಂದು ಇರುವಲ್ಲಿ ಹಿಕಾರಿ ಗಂಟೆಗೆ ಎರಡರಷ್ಟೇ. ತಪ್ಪಿದರೆ ಪ್ಲಾಟ್‌ಫಾರ್ಮಿನಲ್ಲಿ ಕಾಯಬೇಕು.

ಇದೇ ದಾರಿಗೆ ಇನ್ನೂ ಅಗ್ಗದ ಜೋಡಣೆಯೊಂದಿದೆ. ಪಶ್ಚಿಮ ಜಪಾನಿನ ರೈಲು ಕಂಪನಿ ಜೆಆರ್ ವೆಸ್ಟ್‌ನ ಕನ್ಸಾಯ್-ಹಿರೋಶಿಮಾ ಏರಿಯಾ ಪಾಸ್: ಸತತ ಐದು ದಿನ, 17,000 ಯೆನ್. ಟೋಕಿಯೊ ಹೋಗಿ ಬರುವ ಎರಡು ಬಿಡಿ ಟಿಕೆಟ್ ಸೇರಿಸಿದರೆ 45,890. ದೊಡ್ಡ ಪಾಸಿಗಿಂತ ಇಬ್ಬರಿಗೆ ಎಂಟು ಸಾವಿರ ಯೆನ್ ಉಳಿಯಿತು, ಮತ್ತೆ ಶಿನ್-ಒಸಾಕಾ-ಹಿರೋಶಿಮಾ ನಡುವೆ ನೊಝೊಮಿಯನ್ನೂ ಅಷ್ಟೇ ವೇಗದ ಮಿಝುಹೊವನ್ನೂ ಹೆಚ್ಚುವರಿ ಕೊಡದೆ ಹತ್ತಬಹುದು. ಹಿಮೆಜಿ, ನಾರಾ, ಕೋಬೆ, ಕನ್ಸಾಯ್ ವಿಮಾನ ನಿಲ್ದಾಣದ ಹರುಕಾ ರೈಲು, ಮಿಯಾಜಿಮಾದ ಜೆಆರ್ ದೋಣಿ ಎಲ್ಲ ಇದರಲ್ಲಿ ಬಂತು. ಮಿಯಾಜಿಮಾ ಪ್ರವೇಶ ತೆರಿಗೆ 100 ಯೆನ್ ಮಾತ್ರ ಬೇರೆ.

ಈ ಚಿಕ್ಕ ಪಾಸಿನಲ್ಲೂ ಒಂದು ಗುಂಡಿ ಇದೆ. ಕ್ಯೋಟೊದಿಂದ ಶಿನ್-ಒಸಾಕಾವರೆಗಿನ ಶಿಂಕಾನ್ಸೆನ್ ತುಂಡು ಜೆಆರ್ ಸೆಂಟ್ರಲ್ ಎಂಬ ಬೇರೆ ಕಂಪನಿಯ ಸೊತ್ತು. ಜೆಆರ್ ವೆಸ್ಟ್ ಪಾಸ್ ಅಲ್ಲಿ ನಡೆಯುವುದಿಲ್ಲ. ಕ್ಯೋಟೊದಲ್ಲೇ ಹಿರೋಶಿಮಾ ನೊಝೊಮಿ ಹತ್ತಿದರೆ ಆ ತುಂಡಿನ ದರ ಬೇರೆ ಕಟ್ಟಬೇಕಾಗುತ್ತದೆ. ಸರಿಯಾದ ಕ್ರಮ ಹೀಗೆ: ಕ್ಯೋಟೊದಲ್ಲಿ ಸಾಮಾನ್ಯ ಹಳಿಯ ಶಿಂಕಾಯ್ಸೊಕು ಎಂಬ ವೇಗದ ಲೋಕಲ್ ಹಿಡಿಯುವುದು, ಸುಮಾರು 25 ನಿಮಿಷದಲ್ಲಿ ಶಿನ್-ಒಸಾಕಾ, ಅಲ್ಲಿ ಇಳಿದು ಶಿಂಕಾನ್ಸೆನ್ ಗೇಟಿಗೆ ನಡೆಯುವುದು. ಅಲ್ಲಿ ಆಯ್ಕೆಯಿದ್ದರೆ ಸಕುರಾ ರೈಲಿನ ಕಾಯ್ದಿರಿಸಿದ ಬೋಗಿ ನೋಡಿ. ನೊಝೊಮಿಯಲ್ಲಿ ಸಾಲಿಗೆ ಮೂರು ಎರಡು ಸೀಟಾದರೆ ಇದರಲ್ಲಿ ಎರಡು ಎರಡು. ಸಾಮಾನ್ಯ ದರ್ಜೆಯ ದುಡ್ಡಿಗೇ ಅಗಲವಾದ ಸೀಟು.

ಬಿಡಿ ಟಿಕೆಟೆಂದರೆ ನಮ್ಮವರಿಗೆ ಭಯ, ಕೊನೆಗೆ ಸೀಟು ಸಿಗದೆ ತತ್ಕಾಲ್ ಪಾಡಾದರೆ ಏನು ಗತಿ ಎಂದು. ಆ ಭಯ ಶಿಂಕಾನ್ಸೆನ್‌ಗೆ ಹೊಂದುವುದಿಲ್ಲ ಮಾರಾಯ್ರೆ. ದಿನ ಹತ್ತಿರ ಬಂದಂತೆ ದರ ಏರುವುದಿಲ್ಲ. ಸೀಸನ್ ನೋಡಿ 200-400 ಯೆನ್ ಆಚೀಚೆ, ಅಷ್ಟೆ. ಸ್ಮಾರ್ಟ್ ಇಎಕ್ಸ್ ಆ್ಯಪ್‌ನಲ್ಲಿ ಒಬ್ಬರ ಖಾತೆಯಿಂದಲೇ ಇಬ್ಬರಿಗೂ ಬುಕ್ ಮಾಡಬಹುದು, ಹೊರಡುವ ಮೊದಲು ರೈಲು ಬದಲಿಸಿದರೆ ಶುಲ್ಕವಿಲ್ಲ. ಎಚ್ಚರ ಬೇಕಾದ್ದು ಏಪ್ರಿಲ್ ಕೊನೆಯ ಗೋಲ್ಡನ್ ವೀಕ್ ರಜೆ, ಆಗಸ್ಟ್‌ನ ಓಬೊನ್ ಹಬ್ಬ ಮತ್ತು ವರ್ಷಾಂತ್ಯಕ್ಕೆ ಮಾತ್ರ. ಆಗ ನೊಝೊಮಿಯಲ್ಲಿ ಎಲ್ಲ ಸೀಟೂ ಕಾಯ್ದಿರಿಸಿದವೇ. ಇನ್ನೊಂದು ಮಾತು: ಚಂಡಮಾರುತಕ್ಕೆ ರೈಲು ನಿಂತರೆ ಬಿಡಿ ಟಿಕೆಟಿನ ಪೂರ್ತಿ ಹಣ ವಾಪಸ್ ಬರುತ್ತದೆ. ಪಾಸಿಗೆ ವಾಪಸಾತಿಯೂ ಇಲ್ಲ, ಒಂದು ದಿನ ಮುಂದಕ್ಕೂ ಹಾಕುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಹೋಗುವವರಿಗೆ ಇದು ಸಣ್ಣ ಸಂಗತಿಯಲ್ಲ.

ಹಾಗಾದರೆ ಪಾಸ್ ಯಾರಿಗೆ? ಒಂದೇ ವಾರದಲ್ಲಿ ಟೋಕಿಯೊದಿಂದ ಉತ್ತರಕ್ಕೆ ಹಕೊಡಾಟೆ, ಮತ್ತೆ ಪಶ್ಚಿಮಕ್ಕೆ ಹಿರೋಶಿಮಾ ಅಥವಾ ಫುಕುವೋಕಾ ಎಂದು ದೇಶ ಅಳೆಯುವವರಿಗೆ ಖಂಡಿತ ಲಾಭ. ಆದರೆ ಅಂಥ ವಾರದಲ್ಲಿ ಊರಿಗಿಂತ ಕಿಟಕಿಯೇ ಜಾಸ್ತಿ ಕಾಣುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಕೊಳ್ಳುವುದೇ ಎಂದು ತೀರ್ಮಾನಿಸಿದವರಿಗೆ: ವೀಸಾ ಬಂದ ಮೇಲೆಯೇ ಕೊಳ್ಳಿ. ಏಜೆನ್ಸಿಯಿಂದ ಸಿಗುವ ಎಕ್ಸ್‌ಚೇಂಜ್ ಆರ್ಡರನ್ನು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಜಪಾನಿನ ಜೆಆರ್ ಕೌಂಟರಿನಲ್ಲಿ ಪಾಸಾಗಿ ಬದಲಿಸಿಕೊಳ್ಳಬೇಕು. ಕೌಂಟರಿನವರು ನೋಡುವುದು ಪಾಸ್‌ಪೋರ್ಟಿನಲ್ಲಿನ 'ತಾತ್ಕಾಲಿಕ ಸಂದರ್ಶಕ' ಚೀಟಿ; ಇಮಿಗ್ರೇಶನ್ ದಾಟುವಾಗಲೇ ಅದು ಅಂಟಿದೆಯೇ ನೋಡಿಕೊಳ್ಳಿ. ಬದಲಿಸುವಾಗ ಶುರುವಿನ ದಿನಾಂಕ ಕೇಳುತ್ತಾರೆ. ನರಿಟಾದಲ್ಲಿ ಇಳಿದ ಸಂಭ್ರಮದಲ್ಲಿ "ಇವತ್ತೇ" ಎಂದರೆ ಟೋಕಿಯೊದಲ್ಲಿ ಕಳೆಯುವ ದಿನಗಳು ಪಾಸಿನಿಂದ ಕರಗುತ್ತವೆ. ಎಣಿಕೆ 24 ಗಂಟೆಯದಲ್ಲ, ಕ್ಯಾಲೆಂಡರ್ ದಿನದ್ದು. ರಾತ್ರಿ ಎಂಟಕ್ಕೆ ಶುರು ಮಾಡಿದರೂ ಅದು ಒಂದು ದಿನ. ಗೇಟಿಗೆ ತೂರಿಸಿದ ಪಾಸ್ ಆಚೆ ತುದಿಯಲ್ಲಿ ಮೇಲೆ ಬರುತ್ತದೆ, ಮರೆಯದೆ ಎತ್ತಿಕೊಳ್ಳಿ. ಕಳೆದರೆ ಇನ್ನೊಂದು ಕೊಡುವ ಪದ್ಧತಿ ಇಲ್ಲ.

ಪಾಸೋ ಟಿಕೆಟೋ, ನೊಝೊಮಿ, ಹಿಕಾರಿಗಳಲ್ಲಿ ಜೋಡಿ ಕೇಳಬೇಕಾದ ಸೀಟು ಡಿ ಮತ್ತು ಇ. ಎರಡೇ ಸೀಟಿನ ಬದಿ ಅದು, ಮೂರನೆಯವರ ಕಾಲು ದಾಟುವ ಕಷ್ಟವಿಲ್ಲ. ಟೋಕಿಯೊದಿಂದ ಹೊರಟ ಮುಕ್ಕಾಲು ಗಂಟೆಯ ಸುಮಾರಿಗೆ, ಮೋಡವಿಲ್ಲದಿದ್ದರೆ, ಫುಜಿ ಕಾಣುವುದೂ ಅದೇ ಕಡೆ. ಸೂಟ್‌ಕೇಸಿನ ಉದ್ದ, ಅಗಲ, ಎತ್ತರ ಕೂಡಿ 160 ಸೆಂಟಿಮೀಟರ್ ಮೀರಿದರೆ ಬೋಗಿಯ ಹಿಂದೆ ಲಗೇಜಿಗೆ ಜಾಗವಿರುವ ಸೀಟನ್ನೇ ಮುಂಗಡ ಹಿಡಿಯಬೇಕು. ಹಿಡಿಯದೆ ತಂದರೆ 1,000 ಯೆನ್ ದಂಡ. ಇದಕ್ಕಿಂತ ಸುಖ ತಕ್ಯುಬಿನ್. ಉಡುಪಿಯಿಂದ ಮಂಗಳೂರಿಗೆ ಬಸ್ಸಲ್ಲಿ ಪಾರ್ಸೆಲ್ ಹಾಕಿದಂತೆಯೇ, ಆದರೆ ಹೋಟೆಲ್ ಕೌಂಟರಿನಿಂದ ಹೋಟೆಲ್ ಕೌಂಟರಿಗೆ. ಟೋಕಿಯೊದಲ್ಲಿ ಬೆಳಿಗ್ಗೆ ಕೊಟ್ಟರೆ ಸಾಮಾನ್ಯವಾಗಿ ಮರುದಿನ ಕ್ಯೋಟೊದಲ್ಲಿ. ದೊಡ್ಡ ಪೆಟ್ಟಿಗೆಗೆ 2,500ರಿಂದ 3,000 ಯೆನ್. ಚೀಟಿಯಲ್ಲಿ ಹೋಟೆಲ್ ಬುಕಿಂಗಿನಲ್ಲಿರುವ ಹೆಸರನ್ನೇ ಬರೆಯಿರಿ, ಚೆಕ್-ಇನ್ ದಿನಾಂಕವನ್ನೂ ಹಾಕಿ. ಬುಕಿಂಗ್ ಗಂಡನ ಹೆಸರಲ್ಲಿ, ಚೀಟಿ ಹೆಂಡತಿಯ ಹೆಸರಲ್ಲಿ ಆದರೆ ಕೌಂಟರಿನಲ್ಲಿ ಹುಡುಕಾಟ ಗ್ಯಾರಂಟಿ.

ಯಾವ ಜೆಆರ್ ಪಾಸೂ ಟೋಕಿಯೊ ಮೆಟ್ರೊ, ಒಸಾಕಾ ಮೆಟ್ರೊಗಳಲ್ಲಿ ನಡೆಯುವುದಿಲ್ಲ. ಅಲ್ಲಿಗೆ, ಹಾಗೆಯೇ ಕ್ಯೋಟೊದ 230 ಯೆನ್ ಬಸ್ಸಿಗೆ, ಹಣ ತುಂಬಿಸಿ ಉಜ್ಜುವ ಸುಯಿಕಾ ಅಥವಾ ಇಕೋಕಾ ಕಾರ್ಡ್ ಬೇಕು, ತಲೆಗೊಂದು. ಒಂದನ್ನೇ ಇಬ್ಬರು ಉಜ್ಜಲಾಗದು, ಮೊದಲನೆಯವರ ಪ್ರಯಾಣ ಮುಗಿಯದೆ ಗೇಟು ತೆರೆಯುವುದಿಲ್ಲ. ಐಫೋನಿನಲ್ಲಿ ಸುಯಿಕಾ ಹಾಕಿಕೊಳ್ಳಬಹುದು. ನಮ್ಮಲ್ಲಿ ಮಾರುವ ಆಂಡ್ರಾಯ್ಡ್ ಫೋನುಗಳಲ್ಲಿ ಆಗದು, ಪ್ಲಾಸ್ಟಿಕ್ ಕಾರ್ಡೇ ಗತಿ. ವೆಲ್‌ಕಮ್ ಸುಯಿಕಾ ಎಂಬ ಪ್ರವಾಸಿಗರ ಕಾರ್ಡ್ 28 ದಿನ ನಡೆಯುತ್ತದೆ, ಉಳಿದ ಹಣ ವಾಪಸ್ ಇಲ್ಲ, ಆದ್ದರಿಂದ ಸ್ವಲ್ಪ ಸ್ವಲ್ಪವೇ ತುಂಬಿಸಿ.

ಊಟದ ವಿಷಯ ಚುಟುಕಾಗಿ. ಶುದ್ಧ ಸಸ್ಯಾಹಾರಿಗಳು ಸ್ಟೇಷನ್ನಿನ ಊಟದ ಡಬ್ಬಿ ನಂಬಬೇಡಿ, ತರಕಾರಿ ಬೇಯಿಸಿದ ಸಾರಿನಲ್ಲೇ ಒಣಮೀನು ಇರುತ್ತದೆ. ಟೋಕಿಯೊ ಸ್ಟೇಷನ್ನಿನ ಕೇಯೊ ಸ್ಟ್ರೀಟಿನಲ್ಲಿ ಟೀಸ್ ತಾನ್‌ತಾನ್ ಎಂಬ ವೀಗನ್ ರಾಮೆನ್ (ಸಾರಿನ ನೂಡಲ್ಸ್) ಅಂಗಡಿಯಿದೆ; ಅದು ಜೆಆರ್ ಗೇಟಿನ ಒಳಗೆ, ಹೊರಗೆ ಸುತ್ತಿದರೆ ಸಿಗದು. ಮನೆಯಿಂದ 230 ವೋಲ್ಟಿನ ಕೆಟಲ್ ಹೊರುವುದು ದಂಡ: ಅಲ್ಲಿನದು 100 ವೋಲ್ಟ್, ಐದನೇ ಒಂದು ಪಾಲಿನಷ್ಟೂ ಬಿಸಿ ಹುಟ್ಟುವುದಿಲ್ಲ. ಅವಲಕ್ಕಿ, ಚಟ್ನಿಪುಡಿ ಸಾಕು. ಹಸಿ ಕರಿಬೇವು, ಹಣ್ಣು, ಮಾಂಸದ ಪದಾರ್ಥ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತವೆ. ಮೀನು ತಿನ್ನುವವರಿಗೆ ಚಿಂತೆಯೇ ಇಲ್ಲ. ಉಪ್ಪು ಸವರಿ ಸುಟ್ಟ ಸಾಬಾ ಮೀನು ನಮ್ಮ ಬಂಗುಡೆಯ ದಾಯಾದಿ, ಖಾರವಿಲ್ಲ ಅಷ್ಟೆ. ಉಪ್ಪಿನಕಾಯಿ ಪ್ಯಾಕೆಟನ್ನು ತಕ್ಯುಬಿನ್ ಪೆಟ್ಟಿಗೆಯಲ್ಲಿ ಕಳಿಸಿಬಿಡದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.